ಕಂಕುಳಳತೆಯ ಹಿಡಿ

ಕಾಲ್ದೆಲ್ವ ಕಣಿವೆಯ ಮೀನುಮರಿ ಕೇಂದ್ರದ ತೊಟ್ಟಿಗಳಲ್ಲಿ ಆ ವರ್ಷ ಗಂಡು ಟ್ರೌಟ್‌ಗಳು ಮಾತ್ರ ಉಳಿದಿದ್ದವು. ತಾಯಿಮೀನುಗಳ ತೊಟ್ಟಿಗೆ ನೀರು ತರುವ ಕೊಳವೆಯಲ್ಲಿ ಚಳಿಗಾಲದ ಕೊನೆಗೆ ಹಿಮ ಕಟ್ಟಿಕೊಂಡು, ಬೆಳಗಾಗುವಷ್ಟರಲ್ಲಿ ಎಲ್ಲವೂ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲಿದ್ದವು. ಕೇಂದ್ರವನ್ನು ನೋಡಿಕೊಳ್ಳುವ ಓಡ್ನಿ ಅಂದು ತೊಟ್ಟಿಯ ಕಟ್ಟೆ ಮೇಲೆ ಕೂತವಳು ಯಾರು ಕರೆದರೂ ಏಳಲಿಲ್ಲವಂತೆ.

ಈಗ ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು. ಬರ್ಚ್ ಎಲೆಗಳು ಹಳದಿಯಾಗಿ ನೀರಿಗೆ ಉದುರುತ್ತಿದ್ದವು. ಮೀನು ಮೊಟ್ಟೆ ಇಡುವ ಕಾಲ.

"ಈ ಸಲ ಒಂದು ತಾಯಿಮೀನಾದ್ರೂ ಬರಲಿಲ್ಲ ಅಂದ್ರೆ ಮೇಲಿನವರು ಬೇರೆ ಕಣಿವೆ ಮರಿ ತಂದು ಸರೋವರಕ್ಕೆ ಬಿಡ್ತಾರೆ," ಎಂದಳು ಓಡ್ನಿ. "ಬಿಟ್ಟ ಮೇಲೆ ಬೆರೆತು ಹೋಗುತ್ತೆ. ನಮ್ಮ ಮೀನು ಅಂತ ಹೇಳ್ಕೊಳ್ಳೋಕೆ ಏನೂ ಉಳಿಯಲ್ಲ."

ಅವಳ ಎದುರು ಮೂವರು ಕೂತಿದ್ದರು. ಗಾಳದ ಕೋಲು ಕಟ್ಟುವ ಹಾಲ್ವಾರ್, ಅವನ ಅಕ್ಕ ಗುದ್ರುನ್, ಮತ್ತು ದೋಣಿ ನಡೆಸುವ ಅಸ್ಲಾಕ್. ಅಣೆಕಟ್ಟಿನ ನೀರು ಮೊಟ್ಟೆ ಇಡುವ ಜಾಗಗಳನ್ನು ಮುಳುಗಿಸಿದ ಮೇಲೆ, ಹಳೆಯ ತಳಿಯ ದೊಡ್ಡ ಟ್ರೌಟ್‌ಗಳು ಸೇರುವುದು ಒಂದೇ ಕಡೆ: ಸರೋವರದಿಂದ ಮೇಲಕ್ಕೆ, ಕಮರಿಯೊಳಗಿನ ಹಂಡೆಮಡು. ಅಲ್ಲಿ ಬಲೆ ಬಿಡುವಂತಿಲ್ಲ. ತಳವೆಲ್ಲ ಚೂಪು ಬಂಡೆ; ಬಲೆಯಲ್ಲಿ ಸಿಕ್ಕಿ ಒದ್ದಾಡಿದ ಮೀನಿನ ಮೈಯ ಲೋಳೆ ಕಿತ್ತುಹೋದರೆ ಅದು ತೊಟ್ಟಿ ಸೇರುವ ಮೊದಲೇ ಸಾಯುತ್ತದೆ. ಗಾಳ ಹಾಕಿ, ಬೇಗ ಎಳೆದು, ದಣಿಯುವ ಮೊದಲೇ ನೀರಿನ ಚೀಲಕ್ಕೆ ಇಳಿಸಬೇಕು.

"ಬೇಗ ಎಳೆಯೋ ಕೋಲು ಸಿದ್ಧವಾಗಿದೆ," ಎಂದ ಹಾಲ್ವಾರ್. ಅವನ ಮಾತಿನಲ್ಲಿ ಸ್ವಲ್ಪ ಜಂಬವಿತ್ತು.

ಆ ಕೋಲನ್ನು ಅವನು ಆಗಸ್ಟಿನಲ್ಲಿ ಕಟ್ಟಿದ್ದ. ಕೊಟ್ಟಿಗೆಯ ಬಾಗಿಲು ತೆರೆದಿಟ್ಟು, ಗುದ್ರುನ್‌ಳನ್ನು ಬಿಸಿಲಲ್ಲಿ ನಿಲ್ಲಿಸಿ ಅಳತೆ ತೆಗೆದಿದ್ದ. ಕಣಿವೆಯಲ್ಲಿ ಎಲ್ಲರೂ ಹಿಡಿ ಅಳೆಯುವ ರೀತಿ ಒಂದೇ. ದಾರ ಸುತ್ತುವ ರೀಲನ್ನು ಕೋಲಿಗೆ ಕೂರಿಸುವ ಕಾಲನ್ನು ಬೆರಳುಗಳ ನಡುವೆ ಹಿಡಿದು ತೋಳು ಮಡಚಿದರೆ, ಹಿಡಿಯ ಬುಡ ಮೊಣಕೈ ಮುಟ್ಟಬೇಕು. ಹಾಲ್ವಾರ್ ಆ ಸಲ ಅದನ್ನು ಮೀರಿ ಕಂಕುಳಿನವರೆಗೆ ಬಿಟ್ಟಿದ್ದ. ಉದ್ದ ಬುಡವನ್ನು ಕಂಕುಳಲ್ಲಿ ಅದುಮಿಕೊಂಡರೆ ಮಣಿಕಟ್ಟಿಗೆ ಭಾರವಿಲ್ಲ, ಇಡೀ ಮೈಯಿಂದ ಎಳೆಯಬಹುದು. ಕಾರ್ಕ್ ಬಿಲ್ಲೆಗಳನ್ನು ಒಂದೊಂದಾಗಿ ಆರಿಸಿ, ಅಂಟಿಸಿ, ಮಗುವಿನ ಕೆನ್ನೆಯಷ್ಟು ನುಣುಪಾಗುವವರೆಗೆ ಉಜ್ಜಿದ್ದ. ಗುದ್ರುನ್ ತೆಳು ಅಂಗಿಯಲ್ಲಿ ನಿಂತು ಕೋಲನ್ನು ಬೀಸಿ ನೋಡಿ, "ಆಹಾ!" ಅಂದಿದ್ದಳು. ಅಸ್ಲಾಕನೂ ಮೆಚ್ಚಿ, "ಇದು ಕೋಲಲ್ಲ ಕಣೋ, ಸಿಂಹಾಸನ," ಅಂದಿದ್ದ.

ಓಡ್ನಿಯ ಜೊತೆ ಮಾತಾದ ಮಾರನೆಯ ಬೆಳಗ್ಗೆ ಮೂವರೂ ಹೊರಟರು.

ಮೋಟಾರು ದೋಣಿ ಸರೋವರವನ್ನು ದಾಟಿ ನದಿಯ ಬಾಯಿಗೆ ತಂದು ಬಿಟ್ಟಿತು. ಅಲ್ಲಿಂದ ಕಾಲುದಾರಿ. ಮೊದಲು ಜೌಗು, ಹೆಜ್ಜೆ ಇಟ್ಟಲ್ಲೆಲ್ಲ ನೀರು ಚಿಮ್ಮಿ ಬೂಟಿನ ಸುತ್ತ ತಂಪು ಏರುತ್ತಿತ್ತು. ಆಮೇಲೆ ಕುಳ್ಳ ಬರ್ಚ್ ಕಾಡು, ಅದರ ಬುಡದಲ್ಲೆಲ್ಲ ಕೆಂಪಾದ ಬ್ಲೂಬೆರಿ ಗಿಡ. ಅದೂ ಮುಗಿದ ಮೇಲೆ ಬರಿಯ ಕಲ್ಲು. ನದಿ ಎಡಗಡೆ ಕಮರಿಯೊಳಗೆ ಇಳಿದು ಕಣ್ಣಿಗೆ ಕಾಣದೆ ಮೊರೆಯುತ್ತಿತ್ತು. ಅಸ್ಲಾಕ್ ಕ್ಯಾನ್ವಾಸ್ ಚೀಲವನ್ನೂ ಅದನ್ನು ಜೋಲಿಯಂತೆ ಹೊರುವ ಗಳುವನ್ನೂ ಹೊತ್ತಿದ್ದ. ಗುದ್ರುನ್ ಮುಂದೆ. ಹಾಲ್ವಾರ್ ಕೋಲನ್ನು ಬಟ್ಟೆಯ ಚೀಲದಲ್ಲಿ ಸುತ್ತಿ, ಎಳೆಗೂಸನ್ನು ಎತ್ತಿಕೊಂಡವನಂತೆ ಹಿಂದಿನಿಂದ ನಡೆಯುತ್ತಿದ್ದ.

"ತಮ್ಮಾ, ಅದಕ್ಕೆ ಹಾಲು ಕುಡಿಸಿದೆಯೇನೋ?" ಎಂದಳು ಗುದ್ರುನ್ ತಿರುಗಿ ನೋಡಿ.

"ನೀನು ಕಾಲು ನೋಡ್ಕೊಂಡು ನಡಿ."

ಹಂಡೆಮಡು ಹೆಸರಿಗೆ ತಕ್ಕಂತೆ ಇತ್ತು. ಮೂರು ಕಡೆ ನೆಟ್ಟಗೆ ಎದ್ದ ಕಪ್ಪು ಗೋಡೆ. ಮೇಲ್ತುದಿಯಲ್ಲಿ ಜಲಪಾತ ಬಿದ್ದು ನೊರೆಯಾಗಿ, ನೊರೆ ಕರಗಿ ಹಸಿರಾಗಿ, ಹಸಿರು ಕಪ್ಪಾಗಿ ನಿಂತಿತ್ತು. ಕೆಳತುದಿಯಲ್ಲಿ ಎರಡು ಬಂಡೆಗಳ ನಡುವೆ ಗಂಟಲಿನಂತಹ ಸಂದು. ಅಷ್ಟು ನೀರೂ ಅಲ್ಲಿಂದ ನುಗ್ಗಿ ಕಮರಿಗೆ ಉರುಳುತ್ತಿತ್ತು. ನಿಲ್ಲಲು ದಡವೆಂದರೆ ಒಂದು ಹಾಸುಗಲ್ಲು ಮಾತ್ರ. ಅದರ ಮೇಲೆ ಊರವರು ಬೋರಲು ಹಾಕಿ ಕಟ್ಟಿಟ್ಟ ಹಳೆಯ ದೋಣಿ, ಪಕ್ಕದ ದಿಬ್ಬದ ಮೇಲೆ ಬೇಟೆಗಾರರ ಗುಡಿಸಲು.

ಚಳಿಗೆ ಉಸಿರು ಹೊಗೆಯಾಗುತ್ತಿತ್ತು. ಗುದ್ರುನ್ ಉಣ್ಣೆಯ ಅಂಗಿ, ಅದರ ಮೇಲೆ ಇನ್ನೊಂದು, ಅದರ ಮೇಲೆ ಎಣ್ಣೆಬಟ್ಟೆಯ ಕೋಟು, ಎಲ್ಲಕ್ಕೂ ಮೇಲೆ ಲೈಫ್ ಜಾಕೆಟ್ ಹಾಕಿಕೊಂಡು ನೀರಿಗಿಳಿಸಿದ ಆ ಹಳೆಯ ದೋಣಿಯ ಮೂತಿಯಲ್ಲಿ ಕೂತಳು. ನಡುವೆ ಅಸ್ಲಾಕ್ ಹುಟ್ಟು ಹಿಡಿದ. ಹಾಲ್ವಾರ್ ಕೈಬಲೆ ಹಿಡಿದು ಹಿಂದೆ ಕೂತ.

ತಗಡಿನ ಚಮಚದಂತಹ ಗಾಳ ಹಾರಿ ನೊರೆಯ ಅಂಚಿಗೆ ಬಿತ್ತು. ಮುಳುಗಿತು. ಗುದ್ರುನ್ ರೀಲು ಸುತ್ತಿದಳು. ಮತ್ತೆ ಎಸೆದಳು. ಮತ್ತೆ.

"ಹೇಗಿದೆ ಹಿಡಿ?" ಎಂದು ಕೇಳದೆ ಇರಲು ಹಾಲ್ವಾರನಿಗೆ ಆಗಲಿಲ್ಲ.

"ಕೋಟಿಗೆ ಸ್ವಲ್ಪ ಉಜ್ಜುತ್ತೆ. ಅಡ್ಡಿಯಿಲ್ಲ."

ಅಷ್ಟರಲ್ಲಿ ಕೋಲು ಬಾಗಿತು.

ಬಾಗಿತು ಅಂದರೆ ಸಾಲದು. ತುದಿ ನೀರಿಗೆ ಹೊಕ್ಕಿತು. ಗುದ್ರುನ್ ಬುಡವನ್ನು ಕಂಕುಳಿಗೆ ಅದುಮಿ ಹಿಂದಕ್ಕೆ ವಾಲಿದಳು. ಕಪ್ಪು ನೀರಿನಲ್ಲಿ ತಾಮ್ರದ ಬಣ್ಣದ ಒಂದು ಬದಿ ಹೊರಳಿ ಮಾಯವಾಯಿತು. ಅಷ್ಟು ದೊಡ್ಡ ಟ್ರೌಟ್ ಅನ್ನು ಹಾಲ್ವಾರ್ ಗೋಡೆಗೆ ತೂಗುಹಾಕಿದ ಚಿತ್ರದಲ್ಲೂ ಕಂಡಿರಲಿಲ್ಲ.

"ಎಳಿ! ಎಳಿ!" ಎಂದು ಅಸ್ಲಾಕ್ ಕೂಗಿದ.

ಮೀನು ಎಳೆಯುವುದನ್ನು ಬಿಟ್ಟು ದೋಣಿಯ ಕಡೆಗೇ ನುಗ್ಗಿತು. ಅಡಿಯಿಂದ ತೂರಿ ಇನ್ನೊಂದು ಮಗ್ಗುಲಿಗೆ ಹೊರಟಿತು. ಗುದ್ರುನ್ ಕೋಲನ್ನು ಎದೆಯ ಮುಂದಿನಿಂದ ಆ ಕಡೆಗೆ ತಿರುಗಿಸಬೇಕಿತ್ತು.

ತಿರುಗಲಿಲ್ಲ.

ಹಿಡಿಯ ಬುಡ ಲೈಫ್ ಜಾಕೆಟ್ಟಿನ ತೋಳಕಂಡಿಯೊಳಗೆ ಹೊಕ್ಕು ಕೂತಿತ್ತು.

"ಸಿಕ್ಕೊಂಡಿದೆ!" ಎಂದು ಚೀರಿದಳು.

ದಾರ ದೋಣಿಯ ಅಂಚಿಗೆ ಉಜ್ಜಿ ಕಿರುಗುಟ್ಟಿತು. ಬೇಗ ಎಳೆಯಲೆಂದು ಹಾಲ್ವಾರನೇ ರೀಲಿನ ಬಿಗಿಯನ್ನು ಕೊನೆಯವರೆಗೆ ತಿರುಗಿಸಿಟ್ಟಿದ್ದ. ದಾರ ಸಡಿಲವಾಗುವ ಮಾತೇ ಇರಲಿಲ್ಲ. ಕೋಲು ಗುದ್ರುನ್‌ಳ ಹೆಗಲನ್ನು ಮುರಿಯುವಂತೆ ಕೆಳಕ್ಕೆ ಜಗ್ಗಿತು. ಅವಳ ಮುಖ ನೀರಿಗೆ ತಾಗಿತು. ದೋಣಿ ವಾಲಿ, ಅಂಚಿನ ಮೇಲಿಂದ ತಣ್ಣನೆಯ ನೀರು ಒಳಗೆ ಸುರಿಯಿತು.

ಹಾಲ್ವಾರ್ ಹಾರಿ ಅವಳ ಸೊಂಟದ ಪಟ್ಟಿ ಹಿಡಿದ.

"ಸಂದು! ಸಂದಿನ ಕಡೆ ಹೋಗ್ತಿದೀವಿ!" ಅಸ್ಲಾಕನ ದನಿ ಒಡೆದಿತ್ತು.

ಸಂದಿನ ಮೊರೆತ ಬೆನ್ನ ಹಿಂದೆಯೇ ಕೇಳಿಸಿತು. ಹಾಲ್ವಾರ್ ಒಂದು ಕೈಯಲ್ಲಿ ಅಕ್ಕನನ್ನು ಹಿಡಿದು ಇನ್ನೊಂದರಲ್ಲಿ ಸೊಂಟದ ಚಾಕು ಸೆಳೆದ. ಮೀನು ಅಲ್ಲೇ ಇತ್ತು, ಕೈಗೆಟುಕುವಷ್ಟರಲ್ಲಿ, ಹೊಟ್ಟೆ ಉಬ್ಬಿತ್ತು. ತಾಯಿಮೀನು. ಅವನು ಅದನ್ನು ನೋಡಿದ. ನೋಡಿದ್ದು ಅರೆಗಳಿಗೆ.

ದಾರ ಕತ್ತರಿಸಿದ.

ದೋಣಿ ಧಡಕ್ಕನೆ ನೆಟ್ಟಗಾಯಿತು. ಅಸ್ಲಾಕ್ ಹುಟ್ಟು ಮುರಿಯುವಂತೆ ಎಳೆದ. ದೋಣಿಯ ಹಿಂಬದಿ ಸಂದಿನ ಬಂಡೆಗೆ ಬಡಿದು ಒಂದು ಹಲಗೆ ಸೀಳಿತು. ಬಡಿದ ರಭಸಕ್ಕೇ ಅದು ಪಕ್ಕದ ಸುಳಿನೀರಿಗೆ ತಿರುಗಿ, ಮೆಲ್ಲಗೆ ಹಾಸುಗಲ್ಲಿನ ಕಡೆಗೆ ತೇಲಿತು.

ಅಸ್ಲಾಕ್ ಗುಡಿಸಲಿನ ಮುಂದೆ ಬೆಂಕಿ ಹೊತ್ತಿಸಿದ. ಗುದ್ರುನ್ ಒದ್ದೆ ಕೂದಲು ಹರಡಿಕೊಂಡು, ತುಟಿ ನೀಲಿಯಾಗಿ, ತನ್ನ ಬಲದೋಳನ್ನು ಇನ್ನೊಬ್ಬರ ತೋಳೆಂಬಂತೆ ನೋಡುತ್ತ ಕೂತಿದ್ದಳು. ಹಾಲ್ವಾರ್ ನಿಂತೇ ಇದ್ದ. ಅವನ ಕಣ್ಣಿಗೆ ಬೆಂಕಿ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ನೀರಿಗೆ ತಾಗಿದ ಅಕ್ಕನ ಮುಖ, ಜಾಕೆಟ್ಟಿನೊಳಗೆ ಹೂತ ನುಣುಪಾದ ಕಾರ್ಕ್. ಹೊಳೆ ಅವಳನ್ನು ಎಳೆದಿರಲಿಲ್ಲ, ಮೀನೂ ಅಲ್ಲ. ಅವನು ಉಜ್ಜಿ ಉಜ್ಜಿ ಹೊಳಪು ಕೊಟ್ಟ ಗೇಣುದ್ದ ಹೆಚ್ಚಾದ ಹಿಡಿ ಅವಳನ್ನು ದೋಣಿಯಿಂದ ಆಚೆ ಹಾಕುವುದರಲ್ಲಿತ್ತು.

"ಅಂಗಿಯಲ್ಲಿ ನಿಲ್ಲಿಸಿ ಅಳೆದೆ," ಎಂದ ಕೊನೆಗೆ. "ಬಿಸಿಲಲ್ಲಿ. ನಿಂತುಕೊಂಡು. ದೋಣೀಲಿ ಕೂರ್ತೀಯ ಅಂತ ಗೊತ್ತಿತ್ತು. ಕೋಟು ಹಾಕ್ತೀಯ ಅಂತಾನೂ ಗೊತ್ತಿತ್ತು."

"ನನಗೂ ಗೊತ್ತಿತ್ತಲ್ಲ," ಎಂದಳು ಗುದ್ರುನ್. "ಕುಣಿದಾಡಿ ಆಹಾ ಅಂದವಳು ನಾನೇ."

"ಸಿಂಹಾಸನ ಅಂದವನು ನಾನು," ಎಂದ ಅಸ್ಲಾಕ್. "ಮೂರು ಕತ್ತೆಗಳು ಒಂದೇ ಕಡೆ ಸೇರಿದೀವಿ."

"ಮೀನಿನ ಬಾಯಲ್ಲಿ ಗಾಳ ಉಳೀತು," ಎಂದ ಹಾಲ್ವಾರ್.

"ಮುಳ್ಳಿಲ್ಲದ ಕೊಕ್ಕೆ ಕಣೋ," ಎಂದ ಅಸ್ಲಾಕ್. "ತಲೆ ಒದರಿದ್ರೆ ಉದುರುತ್ತೆ."

"ನಾಳೆ ಇಳಿದುಬಿಡೋಣ," ಎಂದ ಹಾಲ್ವಾರ್. "ಓಡ್ನಿಗೆ ನಾನೇ ಹೇಳ್ತೀನಿ."

ಗುದ್ರುನ್ ಕಪ್ಪು ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು. ಹಲ್ಲು ಲೋಟಕ್ಕೆ ತಾಗಿ ಕಟಕಟ ಅಂದಿತು.

"ಅಸ್ಲಾಕ್, ಸೌದೆ ಕುಯ್ಯೋ ಗರಗಸ ಎಲ್ಲಿ?"

"ಯಾಕೆ?"

"ಹಿಡಿ ಕುಯ್ಯೋಕೆ."

ಹಿಂದೆಂದೂ ಹಾಲ್ವಾರ್ ಕಟ್ಟಿದ ಕೋಲಿಗೆ ಗರಗಸ ತಾಗಿದ್ದಿಲ್ಲ. ತಪ್ಪಿದ್ದನ್ನು ಒಲೆಗೆ ಹಾಕುತ್ತಿದ್ದನೇ ಹೊರತು ಯಾರಿಗೂ ತೋರಿಸುತ್ತಿರಲಿಲ್ಲ.

"ಅದನ್ನ ಹಾಗೆಲ್ಲ..." ಎಂದು ಶುರುಮಾಡಿದ.

"ಹಾಗಾದ್ರೆ ನೀನೇ ಕುಯ್ಯಿ. ನಾನು ಕುಯ್ದರೆ ಇನ್ನೂ ಅಂದವಾಗಿರುತ್ತೆ ನೋಡು."

ದೋಣಿಯನ್ನು ಹಾಸುಗಲ್ಲಿನ ಮೇಲೆ ಎಳೆದು ನಿಲ್ಲಿಸಿದರು. ಸೀಳಿದ ಹಲಗೆಗೆ ಅಸ್ಲಾಕ್ ಟಾರು ಬಳಿದ ದಾರ ತುರುಕಿದ. ಗುದ್ರುನ್ ಒಣಗಿದ ಉಣ್ಣೆ, ಕೋಟು, ಜಾಕೆಟ್ ಎಲ್ಲವನ್ನೂ ಮತ್ತೆ ಹಾಕಿಕೊಂಡು ದೋಣಿಯ ಹಲಗೆ ಮೇಲೆ ಕೂತಳು. ಹಾಲ್ವಾರ್ ಬೆಂಕಿಯಿಂದ ಇದ್ದಿಲಿನ ಚೂರು ತಂದ.

"ಬಲಕ್ಕೆ ತಿರುಗಿಸು. ಎಡಕ್ಕೆ. ಎದೆ ಮುಂದಿನಿಂದ."

ಪ್ರತಿ ಸಲವೂ ಬುಡ ಎಲ್ಲಿ ತಾಗುತ್ತದೋ ನೋಡಿದ. ಕೋಟಿನ ಮಡಿಕೆ, ಜಾಕೆಟ್ಟಿನ ಅಂಚು, ಮಂಡಿ. ನಿಂತಾಗ ಎಲ್ಲೂ ಇರದ ಮಂಡಿ ಕೂತಾಗ ದಾರಿಗೆ ಅಡ್ಡ ಬರುತ್ತಿತ್ತು. ಇಷ್ಟು ವರ್ಷ ಕೋಲು ಕಟ್ಟಿದರೂ ಮಂಡಿಯನ್ನು ಅಳತೆಗೆ ಹಿಡಿದವನಲ್ಲ.

"ಮೊಣಕೈಗೆ ನಿಲ್ಲಿಸು," ಎಂದ ಅಸ್ಲಾಕ್. "ಎಲ್ಲರೂ ಮಾಡೋ ಹಾಗೆ."

"ಅಷ್ಟು ಗಿಡ್ಡ ಬೇಡ," ಎಂದಳು ಗುದ್ರುನ್. "ಎಳೆಯೋಕೆ ಬಲ ಬೇಕು. ಇಲ್ಲಿ ಅದುಮಿಕೊಂಡ್ರೆ," ಎಂದು ಮುಂಗೈಯ ಒಳಬದಿ ತೋರಿಸಿ, "ಇಷ್ಟಾದ್ರೂ ಬೇಕು."

ಕೋಟಿನ ದಪ್ಪವನ್ನೂ ಸೇರಿಸಿ, ಮೊಣಕೈಯಿಂದ ಎರಡು ಬೆರಳು ಆಚೆಗೆ ಇದ್ದಿಲಿನ ಗೆರೆ ಬಿತ್ತು. ಹಾಲ್ವಾರ್ ಗರಗಸ ಇಟ್ಟ. ಕಣ್ಣು ಮುಚ್ಚಬೇಕೆನಿಸಿತು, ಮುಚ್ಚಲಿಲ್ಲ. ಕಾರ್ಕಿನ ಹುಡಿ ಉದುರಿತು. ಒಳಗಿನ ಕೋಲು ಕರಕರ ಎಂದು ಸದ್ದು ಮಾಡಿತು. ತುಂಡು ಕಲ್ಲಿನ ಮೇಲೆ ಬಿದ್ದು ಉರುಳಿತು.

ಅದನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ತಿರುಗಿಸಿ ನೋಡಿದ. ಹಿಂದಿನ ಬುಡ ಗಿಡ್ಡವಾದ ಮೇಲೆ ಬಲವೆಲ್ಲ ಮುಂದಿನ ಕೈಯಿಂದಲೇ ಬರಬೇಕು. ರೀಲಿನಿಂದ ಮುಂದಿರುವ ಹಿಡಿಯನ್ನೂ ಅವನು ಬರಿಗೈಗೆ ಅಳೆದಿದ್ದ. ಉಣ್ಣೆಯ ಕೈಗವಸು ಹಾಕಿದ ಕೈ ಅದರಲ್ಲಿ ಹಿಡಿಸದೆ ಮೇಲಿನ ನುಣ್ಣನೆಯ ಭಾಗಕ್ಕೆ ಜಾರುತ್ತಿತ್ತು. ಹಾಲ್ವಾರ್ ಆ ತುಂಡಿನ ಕಾರ್ಕನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದ. ಒಳಗಿನ ಕೋಲಿನ ಚೂರನ್ನು ಕಿತ್ತು, ಎರಡು ಹೋಳುಗಳನ್ನೂ ಮುಂದಿನ ಹಿಡಿಯ ಮೇಲ್ಗಡೆ ಕೂರಿಸಿ, ಟಾರು ದಾರದಿಂದ ಬಿಗಿಯಾಗಿ ಸುತ್ತಿದ. ಬುಡಕ್ಕೆ ತನ್ನ ಕೋಟಿನ ಒಳಗಿನಿಂದ ಕತ್ತರಿಸಿದ ಚರ್ಮದ ತುಂಡು ಕಟ್ಟಿದ.

"ಅಯ್ಯೋ, ಎಷ್ಟು ಕೆಟ್ಟದಾಗಿದೆ!" ಎಂದಳು ಗುದ್ರುನ್. ಅವತ್ತು ಅವಳು ಮೊದಲ ಸಲ ನಕ್ಕಳು.

ಮರುದಿನ ಬೆಳಗ್ಗೆ ಮಡುವಿನ ಅಂಚಿಗೆ ಗಾಜಿನ ಹಾಳೆಯಂತೆ ಹಿಮ ಕಟ್ಟಿತ್ತು. ಕೋಲಿನುದ್ದಕ್ಕೂ ದಾರ ತೂರುವ ಬಳೆಗಳಲ್ಲೂ ಹಿಮ ತುಂಬಿ ದಾರ ನಿಲ್ಲುತ್ತಿತ್ತು. ಗುದ್ರುನ್ ಆಗಾಗ ಕೋಲಿನ ತುದಿಯನ್ನು ನೀರಿಗೆ ಅದ್ದಿ ಬಿಡಿಸಿಕೊಳ್ಳುತ್ತಿದ್ದಳು. ಹಾಲ್ವಾರ್ ಈ ಸಲ ಅವಳ ಬೆನ್ನಿಗೇ ಕೂತು, ಕೈಬಲೆಯ ಜೊತೆಗೆ ಅವಳ ಸೊಂಟದ ಪಟ್ಟಿಯನ್ನೂ ಹಿಡಿದಿದ್ದ.

"ಬಿಡೋ, ನಾನೇನು ನಾಯಿಯೇ?"

"ಬಿಡಲ್ಲ."

ಬಿಸಿಲು ಕಮರಿಯ ಮೇಲಂಚಿಗೆ ಬಂತು, ಕೆಳಗೆ ಇಳಿಯಲಿಲ್ಲ. ಗಾಳ ಹೋಗಿ ಬಂದು, ಹೋಗಿ ಬಂದು ಮಾಡಿತು. ಅಸ್ಲಾಕನ ಮೀಸೆಯ ಮೇಲೆ ಹಿಮದ ಹನಿ. ಹಕ್ಕಿಯ ರೆಕ್ಕೆ ಬಡಿದರೂ ಹಾಲ್ವಾರ್ ಬೆಚ್ಚುತ್ತಿದ್ದ.

ಹಿಡಿಯಿತು.

"ಹಾ!" ಎಂದಳು ಗುದ್ರುನ್, ಅಷ್ಟೇ.

ಮೀನು ಆಳಕ್ಕೆ ಇಳಿಯಿತು. ಅವಳು ಗಿಡ್ಡ ಬುಡವನ್ನು ಮುಂಗೈಗೆ ಒತ್ತಿ, ಇನ್ನೊಂದು ಕೈಯನ್ನು ದಾರ ಸುತ್ತಿದ ಆ ಕುರೂಪಿ ಕಾರ್ಕಿನ ಮೇಲಕ್ಕೆ ಏರಿಸಿ ಎತ್ತಿದಳು. ಕೋಲು ನಡುವಿನಿಂದ ಬಾಗಿತು. ಮೀನು ತಲೆ ತಿರುಗಿಸಿ ದೋಣಿಯ ಕಡೆಗೆ ನುಗ್ಗಿತು.

ಅಡಿಯಿಂದ ತೂರಿತು.

ಹಾಲ್ವಾರ್ ಸೊಂಟದ ಪಟ್ಟಿಯನ್ನು ಇನ್ನೂ ಬಿಗಿಯಾಗಿ ಹಿಡಿದ.

ಕೋಲು ಎದೆಯ ಮುಂದೆ ಬಂತು. ಬುಡ ಜಾಕೆಟ್ಟಿನ ಅಂಚನ್ನು ಸವರಿತು. ಸವರಿ, ದಾಟಿ, ಇನ್ನೊಂದು ಮಗ್ಗುಲಿಗೆ ಹೋಯಿತು.

"ಅಸ್ಲಾಕ್, ಹಿಂದಕ್ಕೆ!"

ದೋಣಿ ಸಂದಿನಿಂದ ದೂರ ಸರಿಯಿತು. ಮತ್ತೆ ಎಳೆದಳು. ಮೀನು ಮೇಲೆ ಬಂತು. ಇನ್ನೂ ಕಸುವಿತ್ತು, ಬಾಲ ಬಡಿದು ಮೂವರ ಮುಖಕ್ಕೂ ನೀರೆರಚಿತು. ಹಾಲ್ವಾರ್ ಪಟ್ಟಿ ಬಿಟ್ಟು ಬಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅದರ ತಲೆಯ ಮುಂದೆ ಇಳಿಸಿದ. ಮೀನು ತಾನಾಗಿ ಒಳಗೆ ನುಗ್ಗಿತು.

"ಬಾಯಿ ನೋಡು, ಬಾಯಿ!" ಎಂದ ಅಸ್ಲಾಕ್. "ಗಂಡಾದ್ರೆ ದವಡೆ ಕೊಕ್ಕೆ ಆಗಿರುತ್ತೆ."

ದವಡೆ ನೇರವಾಗಿತ್ತು. ಹೊಟ್ಟೆ ತುಂಬಿ ಗುಂಡಾಗಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಕೂಗಲು ಯಾರಿಗೂ ಧೈರ್ಯ ಬರಲಿಲ್ಲ.

ಮೀನನ್ನು ಇಳಿಸಿದ ನೀರಿನ ಚೀಲವನ್ನು ಗಳುವಿಗೆ ತೂಗುಹಾಕಿ, ಮುಂದೆ ಅಸ್ಲಾಕ್, ಹಿಂದೆ ಹಾಲ್ವಾರ್ ಹೊತ್ತು ಇಳಿದರು. ಗುದ್ರುನ್ ದಾರಿಯಲ್ಲಿ ಸಿಕ್ಕ ತೊರೆಗಳಿಂದೆಲ್ಲ ಹೊಸ ನೀರು ತುಂಬುತ್ತಿದ್ದಳು. ಕಲ್ಲಿನ ಇಳಿಜಾರಿನಲ್ಲಿ ಹಾಲ್ವಾರನ ಕಾಲ ಕೆಳಗಿನ ಬಂಡೆ ಮಗುಚಿತು. ಅವನು ಮಂಡಿಯೂರಿ ಬಿದ್ದ. ಗಳುವನ್ನು ಬಿಡಲಿಲ್ಲ. ಆದರೆ ಚೀಲ ಓಲಾಡಿ ಅರ್ಧ ನೀರು ಚೆಲ್ಲಿತು.

ಗುದ್ರುನ್ ಇಣುಕಿದಳು.

ಮೀನು ಹೊಟ್ಟೆ ಮೇಲೆ ಮಾಡಿತ್ತು.

"ಇಲ್ಲ, ಇಲ್ಲ, ಇಲ್ಲ," ಎನ್ನುತ್ತ ಅವಳು ಅದನ್ನು ಎರಡೂ ಕೈಯಲ್ಲಿ ಬಾಚಿಕೊಂಡು ಕೆಳಗಿನ ತೊರೆಗೆ ಓಡಿದಳು. ತೊಡೆಮಟ್ಟದ ನೀರಿಗೆ ಬೂಟು ಸಮೇತ ಇಳಿದಳು. ಮೀನಿನ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದಳು. ಕಿವಿರು ಅಲುಗಲಿಲ್ಲ. ಹಾಲ್ವಾರನೂ ನೀರಿಗಿಳಿದು ಅವಳ ಬೆನ್ನಿಗೆ ಬೆನ್ನು ಕೊಟ್ಟು ನಿಂತ, ಹೊಳೆ ಅವಳನ್ನು ತಳ್ಳದಂತೆ. ಮಂಡಿಯಿಂದ ರಕ್ತ ಇಳಿಯುತ್ತಿತ್ತು. ಅದು ಅವನಿಗೆ ಗೊತ್ತಾಗಲಿಲ್ಲ.

"ಉಸಿರಾಡ್ತಿದೆಯಾ?"

"ಸುಮ್ಮನಿರು."

ಬಹಳ ಹೊತ್ತಾಯಿತು. ಅಥವಾ ಹಾಗನ್ನಿಸಿತು. ಕಾಲಿನಲ್ಲಿ ಏನೂ ತಿಳಿಯದಂತಾಯಿತು.

"ಹಾಲ್ವಾರ್," ಎಂದಳು ಗುದ್ರುನ್ ಮೆಲ್ಲಗೆ.

ಅವನು ತಿರುಗಿ ನೋಡಿದ. ಕಿವಿರು ಒಮ್ಮೆ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು. ಬಾಲ ಅವಳ ಮಣಿಕಟ್ಟಿಗೆ ಒಂದು ಪೆಟ್ಟು ಕೊಟ್ಟಿತು.

ದಂಡೆಯ ಮೇಲೆ ಅಸ್ಲಾಕ್ ಟೊಪ್ಪಿಯಿಂದ ಮುಖ ಮುಚ್ಚಿಕೊಂಡು ಕೂತುಬಿಟ್ಟ.

ಮೋಟಾರು ದೋಣಿ ಕೇಂದ್ರದ ಕಟ್ಟೆ ತಲುಪಿದಾಗ ಓಡ್ನಿ ಅಲ್ಲೇ ನಿಂತಿದ್ದಳು. ಚೀಲ ನೋಡಿದವಳೇ ಅದರ ಒಂದು ತುದಿ ಹಿಡಿದಳು. ನಾಲ್ವರೂ ಸೇರಿ ಅದನ್ನು ತೊಟ್ಟಿಗೆ ಇಳಿಸಿ ಬಾಯಿ ಬಿಚ್ಚಿದರು. ತಾಯಿಮೀನು ನಿಧಾನವಾಗಿ ಹೊರಬಂದು, ನೀರು ಬೀಳುವ ಕಡೆಗೆ ಮೂತಿ ಮಾಡಿ, ಅಲ್ಲೇ ಹುಟ್ಟಿದ ಹಾಗೆ ನಿಂತಿತು. ಓಡ್ನಿ ಕಟ್ಟೆ ಮೇಲೆ ಕೂತಳು. ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಆಮೇಲೆ ಒಳಗೆ ಬೆಚ್ಚಗಿನ ಕೋಣೆಯಲ್ಲಿ ಒಣಮೀನು, ಚೀಸು, ಕಾಫಿ. ಒದ್ದೆ ಕಾಲುಚೀಲಗಳು ಒಲೆಯ ಮೇಲೆ ಸಾಲಾಗಿ ನೇತಾಡುತ್ತಿದ್ದವು. ಹಾಲ್ವಾರ್ ಮಂಡಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತ ಮೂಲೆಗೆ ಒರಗಿಸಿದ ಕೋಲಿನ ಕಡೆ ಮತ್ತೆ ಮತ್ತೆ ನೋಡುತ್ತಿದ್ದ.

"ಅದನ್ನ ಇಲ್ಲಿ ಕೊಡು," ಎಂದ ಅಕ್ಕನಿಗೆ ತಗ್ಗಿದ ದನಿಯಲ್ಲಿ. "ಹಿಡಿ ಎಲ್ಲ ತೆಗೆದು ಹೊಸದಾಗಿ ಹಾಕಿಕೊಡ್ತೀನಿ."

"ಮುಟ್ಟಿದರೆ ನೋಡು."

"ಯಾರಾದ್ರೂ ನೋಡಿದ್ರೆ ಏನಂದುಕೊಳ್ತಾರೆ ಮಾರಾಯ್ತಿ?"

ಅಷ್ಟರಲ್ಲಿ ಓಡ್ನಿ ಕಾಫಿಯ ಕೆಟಲು ಹಿಡಿದು ಒಳಗೆ ಬಂದವಳು ಕೋಲಿನ ಮುಂದೆ ನಿಂತಳು. ಗರಗಸದ ಗುರುತನ್ನೂ, ಚರ್ಮದ ತೇಪೆಯನ್ನೂ, ಟಾರು ದಾರದ ಗಂಟುಗಳನ್ನೂ ಬಗ್ಗಿ ನೋಡಿದಳು.

"ದೇವರೇ! ಯಾರು ಕಟ್ಟಿದ್ದು ಇದನ್ನ?"

ಅಸ್ಲಾಕ್ ಕಾಫಿ ಲೋಟದೊಳಗೆ ಮುಖ ಹುದುಗಿಸಿದ. ಗುದ್ರುನ್ ಛಾವಣಿ ನೋಡಿದಳು.

"ನಾನೇ," ಎಂದ ಹಾಲ್ವಾರ್. ಮಾತು ತಾನೆಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂದುಬಿಟ್ಟಿತು.